ದೋಣಿ ಮುಟ್ಟಿದರೆ

ಲೆಕ್ಕ ಬರೆಯುವವನು ನಾನು. ಈಜು ಬಾರದು.
ಕೋಯಿಪಾಡಿಯ ಹೊಯ್ಗೆಯಲ್ಲೇ ಹುಟ್ಟಿದ್ದರೂ
ಮೊಣಕಾಲಿನಿಂದ ಮೇಲೆ ಕಡಲಿಗೆ ನನ್ನ ಪರಿಚಯವಿಲ್ಲ.
ಅದಕ್ಕೇ ನನಗೆ ಪುಸ್ತಕ, ಸೀಟಿ,
ಅಂದುಞಿಯ ದೋಣಿಯ ನಡು ಹಲಗೆ.

ಬೆಳಗಿನ ಐದೂಕಾಲು. ವಾರಿಜಕ್ಕ
ಕಂಕುಳಿಗೂ ಕತ್ತಿಗೂ ವ್ಯಾಸಲೀನ್ ಬಳಿದು
ಅಂಗನವಾಡಿಯ ಬೀಗದ ಕೈ ತಂಗಿಯ ಸೆರಗಿಗೆ ಕಟ್ಟಿ
"ಪಾಯಸದ ಗೋಧಿ ನೆನೆ ಹಾಕಿದ್ದೇನೆ, ಮರೀಬೇಡ" ಎಂದು
ನೀರಿಗೆ ಇಳಿದಳು, ಸಂತೆಗೆ ಹೊರಟ ಹಾಗೆ.

ಮಂಜೇಶ್ವರದ ಬಂದರಿಗೆ ಹನ್ನೆರಡು ಕಿಲೋಮೀಟರು.
ಪುಸ್ತಕದಲ್ಲಿ:
ನಿವೃತ್ತ ಸ್ಟೇಷನ್ ಮಾಸ್ತರರು, ಕಿಲೋಮೀಟರಿಗೆ ನೂರು.
ಬೀಡಿ ಬ್ರಾಂಚಿನ ಹೆಂಗಸರು, ಎಲ್ಲ ಸೇರಿ, ಅರವತ್ತೆರಡು.
ಮದ್ರಸದ ಮಕ್ಕಳ ಡಬ್ಬಿ, ಇನ್ನೂ ಎಣಿಸಿಲ್ಲ.
ಐಸ್ ಪ್ಲಾಂಟಿನ ಮೊಯ್ದುಞಿ ಹಾಜಿ:
ಬಂದರು ಮುಟ್ಟಿದರೆ ಹತ್ತು ಸಾವಿರ, ಮುಟ್ಟದಿದ್ದರೆ ಸೊನ್ನೆ.
ಅವರು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ.

ಇದೆಲ್ಲ ಹನ್ನೊಂದು ರಬ್ಬರ್ ಬಳೆಗೆ, ಹಗ್ಗಕ್ಕೆ,
ಅಳಿವೆಯ ಬದಿಗೆ ನೆಡುವ ಕಂಬಗಳಿಗೆ.
ಮೊದಲಿದ್ದ ಬೋರ್ಡಿನ ಮೂರು ಭಾಷೆಯನ್ನು
ಉಪ್ಪುಗಾಳಿ ತಿಂದು ಒಂದೇ ಮಾಡಿದೆ, ತುಕ್ಕು.

ಶಿರಿಯದ ಅಳಿವೆ ಬಂತು. ಅಂದುಞಿ ಯಂತ್ರ ತಗ್ಗಿಸಿದ.
ಹೋದ ವರ್ಷ, ಓಣಂ ರಜೆ.
ಬದಿಯಡ್ಕದಿಂದ ಬಸ್ಸಿಳಿದ ಮೂವರು ಹುಡುಗರು,
ಹೊಯ್ಗೆಯ ಮೇಲೆ ಮೂರು ಜೊತೆ ಚಪ್ಪಲಿ ಸಾಲಾಗಿ.
ತೆರೆ ಒಡೆಯದ ಜಾಗವನ್ನೇ ಹುಡುಕಿ ಇಳಿದರು.
ನೊರೆಯಿಲ್ಲ, ಸದ್ದಿಲ್ಲ, ನೀರು ತುಸು ಕಂದು,
ಯಾರೋ ಗುಡಿಸಿ ಸಾರಿಸಿಟ್ಟ ಅಂಗಳದಂತೆ.
ಸೆಳವಿನ ಬಾಯಿ ಇರುವುದೇ ಹಾಗೆ.
ಮೂವರೂ ದಡದ ಕಡೆಗೇ ಕೈ ಬಡಿದರು,
ಯಾರಾದರೂ ಮಾಡುವುದು ಅದನ್ನೇ.
ಅಡ್ಡ ಈಜಬೇಕಿತ್ತು, ಕಡಲಿಗೆ ಪಕ್ಕೆ ಕೊಟ್ಟು,
ಹದಿನೈದು ಮಾರು, ಇಪ್ಪತ್ತು.
ಒಬ್ಬನನ್ನು ತೆರೆಯೇ ಉಗುಳಿತು.
ಒಬ್ಬನನ್ನು ವಾರಿಜಕ್ಕ ಕೂದಲು ಹಿಡಿದು ಎಳೆದು ತಂದಳು.
ಚಪ್ಪಲಿ ಒಂದು ಜೊತೆ ಉಳಿಯಿತು.

ಇವತ್ತು ಅಲ್ಲಿ ಅವಳು ನಿಲ್ಲಲಿಲ್ಲ, ತಲೆಯೆತ್ತಲಿಲ್ಲ.
ನಿಮಿಷಕ್ಕೆ ಐವತ್ತೆರಡು ಬೀಳುತ್ತಿದ್ದ ಕೈ
ಅರವತ್ತಾಯಿತು, ಅಷ್ಟೆ. ಬರೆದುಕೊಂಡೆ.

ದೋಣಿ ಮುಟ್ಟಿದರೆ ಆಟ ಮುಗಿಯಿತು, ಅದು ನಿಯಮ.
ಅರ್ಧ ಗಂಟೆಗೊಮ್ಮೆ ಉಪ್ಪು ಹಾಕಿದ ಗಂಜಿತಿಳಿ,
ಬಾಟಲಿಗೆ ಹಗ್ಗ ಕಟ್ಟಿ ಎಸೆದೆ, ಕರುವಿಗೆ ನೀರಿಟ್ಟ ಹಾಗೆ.
ಬಿಸಿಲೇರಿತು. ಲೋಳೆಮೀನು ತಾಗಿ
ಅವಳ ತೋಳಿನಲ್ಲಿ ಕೆಂಪು ಬಾಸುಂಡೆ.

ಉಪ್ಪಳದ ಅಳಿವೆ ದಾಟಿದ ಮೇಲೆ ನೀರು ತಿರುಗಿತು.
ಈಜುತ್ತಾಳೆ, ಈಜುತ್ತಾಳೆ,
ದಡದ ಅದೇ ಗಾಳಿಮರ ಅಲ್ಲೇ ನಿಂತಿದೆ.
ಆಗ ಕೈ ಎತ್ತಿದಳು.
ಮಕ್ಕಳಿಗೆ ಕಲಿಸಿದ ಹಾಗೆಯೇ, ನೇರ, ಅಂಗೈ ಬಿಚ್ಚಿ.

ನಾನು ಸೀಟಿ ಊದಬೇಕಿತ್ತು.
"ಇನ್ನೆರಡೇ ಅಕ್ಕ, ಬಂದರು ಕಾಣುತ್ತಿದೆ" ಅಂದೆ.
ಅವಳು ಮಾತಾಡಲಿಲ್ಲ. ಕೈ ಇಳಿಸಲೂ ಇಲ್ಲ.
ಅಂದುಞಿ ನನ್ನನ್ನು ಹಲಗೆಯಿಂದ ಬದಿಗೆ ತಳ್ಳಿ
ಬಗ್ಗಿ, ಬಲೆ ಎಳೆಯುವ ಕೈಗಳಿಂದ ಎತ್ತಿಕೊಂಡ.
ಹಲ್ಲು ಕಟಕಟಿಸುತ್ತ ಅವಳು ಹೇಳಿದ್ದು:
"ಕೈ ಎತ್ತಿದವರ ಹತ್ತಿರ ಚೌಕಾಸಿ ಮಾಡಬಾರದು, ಮಾರಾಯ."

ಹಾಜಿ ಮಾತಿನ ಮನುಷ್ಯ. ಹಣ ಕೊಡಲಿಲ್ಲ.
ಸಂಜೆ ಅವಳ ಭುಜಕ್ಕೆಂದು
ಒಂದು ಗೋಣಿ ಐಸ್ ಕಳಿಸಿದ. ನಾಲ್ಕು ಮನೆ ಹಂಚಿಕೊಂಡರು.

ಹನ್ನೊಂದಾಗಲಿಲ್ಲ, ಆರು ಬಳೆ ಬಂತು.
ಒಂದರ ಮೇಲೆ ಯಾರೋ ಬನಿಯನ್ ಒಣಹಾಕಿ
ವಾರಿಜಕ್ಕನಿಂದ ಬೈಗುಳ ತಿಂದರು.
ಅಂಗನವಾಡಿಯ ಅಂಗಳದಲ್ಲಿ "ಸೆಳವು!" ಎಂದರೆ
ಮಕ್ಕಳು ಬೆನ್ನ ಮೇಲೆ ಮಲಗಿ ಕೈ ಎತ್ತುತ್ತವೆ,
ನಗು ತಡೆಯಲಾರದೆ.

ಪುಸ್ತಕ ಮುಚ್ಚಿದ್ದೇನೆ. ಹತ್ತು ಕಿಲೋಮೀಟರು,
ನಾಲ್ಕು ಗಂಟೆ ಆರು ನಿಮಿಷ, ಜಮೆ, ಖರ್ಚು.
ನಾನು ಸೀಟಿ ಊದದೆ ಕೂತ ಹೊತ್ತು ಅದರಲ್ಲಿಲ್ಲ.
ಆಮೇಲೆ ಮನೆಯಲ್ಲಿ ಉಸಿರು ಕಟ್ಟಿ ನೋಡಿದೆ.
ಮೂವತ್ತಕ್ಕೆ ಬಿಟ್ಟುಬಿಟ್ಟೆ.