ಎರಡು ಗಂಟೆ ಹತ್ತು ನಿಮಿಷ

ಪ್ರಯೋಗಾಲಯದವರು ಒಪ್ಪಲಿಲ್ಲ.
ಮಣ್ಣು ಕೊಳವೆಗಿಳಿದರೆ ಯಾರು ಹೊಣೆ, ಎಂದರು.
ಹಾಗಾಗಿ ಮುಚ್ಚಿಹೋದ ಕ್ಯಾಂಟೀನಿನಲ್ಲಿ ನಮಗೆ ಜಾಗ,
ಗೋಡೆಯ ಮೇಲೆ ಇನ್ನೂ ಬೀನ್ಸ್ ಸೂಪಿನ ಹಳೆಯ ದರ.
ಕುತಾಯಿಸಿಯ ಮಾರ್ಚ್, ಬಿಡದ ಜಿನುಗು,
ಸಿವಿಲ್ ಇಂಜಿನಿಯರಿಂಗಿನ ಹದಿನಾಲ್ಕು ಮಂದಿ,
ಅವರ ಹಿಂದೆ, ಕೋಟಿನ ಗುಂಡಿ ಬಿಚ್ಚದೆ, ನಾನು.

ಎಟೆರಿ ಬಂದಳು. ಶ್ರೋಶಾದ ಕುಂಬಾರಗಿತ್ತಿ,
ನೆಲದೊಳಗೆ ಹೂಳುವ ಆಳೆತ್ತರದ ವೈನ್ ಗುಡಾಣಗಳನ್ನು
ತಿಗರಿಯಿಲ್ಲದೆ, ಸುರುಳಿಯ ಮೇಲೆ ಸುರುಳಿಯಿಟ್ಟು
ಕಟ್ಟುವ ಮನೆತನದವಳು.
ತಟ್ಟೆಯೊಂದನ್ನು ಸುತ್ತ ತಿರುಗಿಸಿ
ಎಲ್ಲರ ಫೋನು, ಪೆನ್ಸಿಲು ಹಾಕಿಸಿಕೊಂಡಳು,
ಮದುವೆಮನೆಯಲ್ಲಿ ಮುಯ್ಯಿ ಪಡೆದಂತೆ.

"ಮೊಣಕೈ ಎತ್ತರದ ಗಡಿಗೆ. ನೀರು ನಿಲ್ಲಬೇಕು.
ಅಷ್ಟೆ."
ಗೋಡೆ ಎಷ್ಟು ದಪ್ಪ? ತೊರ್ನಿಕೆ ಕೇಳಿದ.
"ಹೆಬ್ಬೆರಳನ್ನು ಕೇಳು."
ಹೆಬ್ಬೆರಳು ಏನೂ ಹೇಳಲಿಲ್ಲ.
ಅವನು ಕೆಸರಿನಲ್ಲಿ ಬೆರಳದ್ದಿ
ಮೇಜಿನ ಮೇಲೆಯೇ ಲೆಕ್ಕ ಹಾಕಿದ,
ಭಾರ, ಎತ್ತರ, ತ್ರಿಜ್ಯ.
ಬಗ್ಗಿ ನೋಡಿದೆ: ಒಂದು ತಪ್ಪಿಲ್ಲ. ನಾನೇ ಕಲಿಸಿದ್ದು.

ಐದೂವರೆಗೆ ಆ ತಪ್ಪಿಲ್ಲದ ಗೋಡೆ
ಹೊಟ್ಟೆ ಮುಂದೆ ಮಾಡಿತು,
ಒಂದು ಕ್ಷಣ ಯೋಚಿಸಿತು,
ಆಮೇಲೆ ಹಾಗೇ ಕುಳಿತುಬಿಟ್ಟಿತು.
ಅದನ್ನು ನೋಡಿ ಪಕ್ಕದ್ದು. ಅದರ ಪಕ್ಕದ್ದು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ.
ಇಲ್ಲಿ ದೊಣ್ಣೆ ತಂದವರು ಯಾರೂ ಇರಲಿಲ್ಲ,
ಆತುರವೊಂದೇ ಸಾಕಾಯಿತು.
ಎಟೆರಿ ಬೈಯಲಿಲ್ಲ, ತಿದ್ದಲೂ ಇಲ್ಲ,
ಕೆಟಲಿಗೆ ನೀರು ತುಂಬಿದಳು.

ಆಗ ಬಂದಳು ಮಗ್ದಾ, ತೊಯ್ದ ಕೂದಲಲ್ಲಿ.
ತಮ್ಮನನ್ನು ಶಿಶುವಿಹಾರದಿಂದ ಕರೆತಂದು
ಉಣ್ಣಿಸಿ, ಚಿಕ್ಕಮ್ಮ ಬರುವವರೆಗೆ ಕಾದು ಬಂದವಳು.
ಅವಳ ಅರ್ಧ ಗಡಿಗೆ ಕಿಟಕಿಯ ಬಳಿ ಹಾಗೇ ಇತ್ತು.
ಕ್ಷಮೆ ಕೇಳುತ್ತಲೇ ಮೇಲೊಂದು ಸುರುಳಿ ಇಟ್ಟಳು.
ನಿಂತಿತು.
ಇನ್ನೊಂದು. ನಿಂತಿತು.
ಏನೋ ತಪ್ಪು ಮಾಡಿದವಳಂತೆ ಸುತ್ತ ನೋಡಿದಳು.

ಗುರಾಮ್ ಬಂದು ಅದರ ಬುಡ ಒತ್ತಿದ.
"ಗಟ್ಟಿಯಾಗಿದೆ," ಎಂದ ಮೆಲ್ಲಗೆ,
ಕಳ್ಳತನ ಕಂಡುಹಿಡಿದವನ ಹಾಗೆ.
ಎಷ್ಟು ಹೊತ್ತು ಹೋಗಿದ್ದೆ? ತೊರ್ನಿಕೆಯ ಪ್ರಶ್ನೆ.
ಎರಡು ಗಂಟೆ ಹತ್ತು ನಿಮಿಷ.
ಬರೆದೇಬಿಟ್ಟ ಮೇಜಿನ ಮೇಲೆ, ಸುತ್ತ ಗೆರೆ ಹಾಕಿ.
ಎಟೆರಿ ಒದ್ದೆಬಟ್ಟೆ ತಂದು ಒರೆಸಿದಳು.
"ಇದು ಇವತ್ತಿನ ಮಳೆಯ ಲೆಕ್ಕ.
ನಾಳೆ ಬಿಸಿಲು ಬಂದರೆ?"

ಬಂತು ಬಿಸಿಲು.
ಮರುದಿನವಿಡೀ ತೊರ್ನಿಕೆ
ಕಿಟಕಿಗೂ ಮೇಜಿಗೂ ಓಡಾಡಿದ,
ಬೆರಳ ಹಿಂಬದಿಯಿಂದ ಗಡಿಗೆಯ ಮೈ ಮುಟ್ಟಿ ಮುಟ್ಟಿ,
ಮಗುವಿನ ಜ್ವರ ನೋಡುವವರಂತೆ.

ನಾನು ಇಪ್ಪತ್ತೆರಡು ವರ್ಷ
ಕಪ್ಪುಹಲಗೆಯ ಮೇಲೆ ತೊಲೆ ಕಟ್ಟಿದೆ, ಕಮಾನು ಕಟ್ಟಿದೆ.
ಯಾವುದೂ ಒದ್ದೆಯಿರಲಿಲ್ಲ.
ಕಾಂಕ್ರೀಟಿಗೆ ಇಪ್ಪತ್ತೆಂಟು ದಿನವೆಂದು ಬರೆಸಿದ್ದೆ ನಿಜ.
ಇಪ್ಪತ್ತೆಂಟನ್ನು ಕೊಟ್ಟಿದ್ದೆ,
ದಿನಗಳನ್ನು ಕೊಟ್ಟಿರಲಿಲ್ಲ.

ಮೂರನೆಯ ದಿನ ಕೋಟು ಬಿಚ್ಚಿದೆ.
ನನ್ನದು ಗಡಿಗೆಯಾಗಲಿಲ್ಲ.
ಏನಾಯಿತೆಂದು ಎಟೆರಿಯೂ ಹೇಳಲಾರದೆ ಹೋದಳು,
ಸುಮ್ಮನೆ ಹಸಿಬಟ್ಟೆ ಹೊದಿಸಿದಳು.
ನಿಂತವು ಹದಿನಾಲ್ಕರಲ್ಲಿ ಒಂಬತ್ತು. ಆವಿಗೆ ಎರಡನ್ನು ತಿಂದಿತು.
ಮಗ್ದಾಳದಕ್ಕೆ ಕೂದಲೆಳೆಯ ಬಿರುಕು, ನೀರು ನಿಲ್ಲುವುದಿಲ್ಲ.
ತಮ್ಮ ಅದರಲ್ಲಿ ಗೋಲಿ ತುಂಬಿಟ್ಟಿದ್ದಾನಂತೆ.

ಈಗ ತರಗತಿಯಲ್ಲಿ ಒಮ್ಮೊಮ್ಮೆ
ಸಮೀಕರಣದ ನಡುವೆ ಸೀಮೆಸುಣ್ಣ ಕೆಳಗಿಡುತ್ತೇನೆ,
ಹೋಗಿ ಚಹಾ ಕುಡಿದು ಬನ್ನಿ, ಇದು ಹಾಗೇ ಇರಲಿ.
ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ,
ಮುದುಕನಿಗೆ ಮುಂದಿನ ಹೆಜ್ಜೆ ಮರೆತಿದೆ ಎಂದು.
ಕೆಲವು ಸಲ
ಮರೆತೂ ಇರುತ್ತದೆ.