ಇನ್ನೊಂಚೂರು ಜೋರು

ಮಂಡಕ್ಕಿ ಭಟ್ಟಿಯ ಮೇಲಿನ ಕೋಣೆ.
ಗೋಡೆಗೆ ಮೂರು ಹಳೇ ಗಾದಿ, ಕಿಟಕಿಗೆ ಗೋಣಿತಾಟು,
ಮೈಕಿನ ಮುಂದೆ ಬಳೆಗೆ ಬಿಗಿದ ತಂಗಿಯ ದುಪಟ್ಟಾ.
ಭಟ್ಟಿ ಆರುವುದು ರಾತ್ರಿ ಹನ್ನೊಂದಕ್ಕೆ.
ಆಗ ಹಾಡುತ್ತಾನೆ ಕೊಟ್ರಪ್ಪ ಚಿಕ್ಕಪ್ಪ,
ಮಿಲ್ಲಿನ ಮಗ್ಗಗಳ ನಡುವೆ ಇಪ್ಪತ್ತಾರು ವರ್ಷ ನಿಂತು
ಅರ್ಧ ಕಿವಿ ಅಲ್ಲೇ ಬಿಟ್ಟು ಬಂದವನು.

ಹಾಡೇನೋ ಚೆನ್ನಾಗಿದೆ.
ಆದರೆ ಬಾಷಾನ ಆಟೋದಲ್ಲಿ,
ಸಿನಿಮಾ ಹಾಡೊಂದು ಗದ್ದಲ ಮಾಡಿ ಇಳಿದುಹೋದ ಮೇಲೆ
ನಮ್ಮದು ಬಾಗಿಲಾಚೆ ನಿಂತು
ಒಳಗೆ ಬರಲೇ ಅಂತ ಕೇಳುತ್ತದೆ.
"ಏನಲೇ ಇದು, ಬಾವ್ಯಾಗ ಕುಂತು ಹಾಡ್ದಂಗೈತಿ.
ಇನ್ನೊಂಚೂರು ಜೋರು ಮಾಡು."

ಮಾಡಿದೆ. ಕೆಂಪು ದೀಪ ಹತ್ತಿತು.
ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ
ಹಾಡಿನ ತುದಿಯೆಲ್ಲ ಕರಕರ.
ಇಳಿಸಿದೆ. ಏರಿಸಿದೆ. ಹನ್ನೆರಡು ರಾತ್ರಿ.

ಕೆಳಗಿನ ಗೌಸಣ್ಣ ಚಹಾ ಹಿಡಿದು ಬಂದವನು
ಪರದೆಯ ಏರಿಳಿತ ನೋಡಿ ನಕ್ಕ:
"ಉಬ್ಬಿದ್ರೆ ಅಕ್ಕಿ ತೂಕ ಹೆಚ್ಚಾಗಲ್ಲಪ್ಪ,
ಚೀಲ ತುಂಬ್ತತಿ ಅಷ್ಟೆ.
ಹದ ಮೀರಿದ್ರೆ ಸೀದು ಹೋಗ್ತತಿ."

ಅವತ್ತು ಮೊದಲು ಎತ್ತರದವರನ್ನು ಬಗ್ಗಿಸಿದೆ:
ದಮ್ಮಡಿಯ ಪೆಟ್ಟು, ತಾರಕದ ಚೀರು,
ನಡುನಡುವೆ ಅವನು ತೊಡೆ ತಟ್ಟಿದ್ದು.
ಆಮೇಲೆ ಎಲ್ಲರನ್ನೂ ಒಟ್ಟಿಗೆ ಮೇಲೆತ್ತಿದೆ.
ಬೆಳಗಿನ ಜಾವ ಪರದೆಯ ಮೇಲೆ ಗುಡ್ಡವಿಲ್ಲ, ಕಣಿವೆಯಿಲ್ಲ,
ಮುಚ್ಚಿದ ಮಿಲ್ಲಿನ ಕಾಂಪೌಂಡು ಗೋಡೆ,
ಉದ್ದಕ್ಕೂ ಒಂದೇ ಎತ್ತರ.

ಆಟೋದಲ್ಲಿ ಹಾಕಿದೆವು. ಗೆದ್ದೆವು.
ಅರುಣಾ ಸರ್ಕಲ್ಲಿನಲ್ಲಿ
ಪಕ್ಕದ ಬೈಕಿನವನು ತಿರುಗಿ ನೋಡಿದ.

ಆದರೆ ಮೇಲೆ ಬಂದದ್ದು ಹಾಡೊಂದೇ ಅಲ್ಲ:
ಗಾದಿಯ ಹಿಂದೆ ಹಲ್ಲಿ ಲೊಚಗುಟ್ಟಿದ್ದು,
ಕೆಳಗೆ ಆರುತ್ತಿದ್ದ ಮರಳಿನ ಚಿಟಿಚಿಟಿ,
ಎರಡು ಸಾಲಿನ ಮಧ್ಯೆ ಎಳೆದುಕೊಂಡ ಒಂದು ಉಸಿರು,
ಅದರೊಳಗೆ ಹತ್ತಿ ಧೂಳಿನ ಸಣ್ಣ ಸಿಳ್ಳೆ.

ಚಿಕ್ಕಪ್ಪ ಬಾಷಾನ ಭುಜ ಮುಟ್ಟಿದ.
ಹಿಂದಕ್ಕೆ ಹಾಕಿಸಿ ಮತ್ತೆ ಕೇಳಿದ.
"ಯಾರ್ಲೇ ಅದು, ನನ್ನ ಪಕ್ಕ ಕುಂತು
ದಮ್ಮು ಎಳೀತಿರಾನು?"

ನಾನು ಸಿಗ್ನಲ್ಲು ನೋಡುತ್ತಿದ್ದೆ.

ರಾತ್ರಿ ಅದನ್ನು ಕತ್ತರಿಸಲು ಕೂತೆ.
ಅರ್ಧ ಸೆಕೆಂಡು, ಒಂದು ಬೆರಳಿನ ಕೆಲಸ.
ಕೆಳಗೆ ಗೌಸಣ್ಣ ಜರಡಿ ಆಡಿಸುತ್ತಿದ್ದ,
ಮರಳು ಉದುರುತ್ತಿತ್ತು, ಉಬ್ಬಿದ್ದು ಉಳಿಯುತ್ತಿತ್ತು.
ಬೆರಳು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೇಳಿದೆ.
ಕೊನೆಗೆ ಫೈಲಿಗೆ ಹೆಸರು ಹಾಕಿದೆ:
ಕೊಟ್ರಪ್ಪ, ಜೋರು, ಹದಿನೇಳನೇದು,
ದಮ್ಮು ಸಮೇತ.