ಮೂರು ಸೀಟಿ

ಕುಷ್ಟಗಿ ಹಾದಿಯ ಕಲ್ಲು ಕ್ವಾರಿಯಲ್ಲಿ
ಮದ್ದಿನ ಕೋಣೆಯ ಲೆಕ್ಕ ನನ್ನದು.
ಬಂದ ಕೇಪು ಇನ್ನೂರು, ಸಿಡಿದದ್ದು ನೂರಾ ಎಂಬತ್ತಾರು,
ಪೆಟ್ಟಿಗೆಯಲ್ಲಿ ಹದಿಮೂರು.

ಬೆರಳುದ್ದದ ಕೊಳವೆ, ಎರಡು ತಂತಿ.
ಮಗಳ ಜಡೆಗೆ ಸಿಕ್ಕಿಸಿದರೆ ಹೂವಿನ ತೊಟ್ಟು ಅನ್ನಬೇಕು.
ಯಮನೂರಪ್ಪ ನೆಲವೆಲ್ಲ ಕೆದರಿದ.
‘ಇಲಿ ಒಯ್ದಿರಬೇಕು ಬಿಡ್ರಿ’ ಅಂದ.
ಇಬ್ಬರೂ ನಗಲಿಲ್ಲ.

ಸಿಡಿಸುವ ಮೊದಲು ನಾವು ಕೆಂಪು ಬಾವುಟ ಕಟ್ಟುತ್ತಿದ್ದೆವು,
ಮೂರು ಸಲ ಸೀಟಿ.
ಕುರಿಯವರು ಗುಡ್ಡ ಇಳಿಯುತ್ತಿದ್ದರು,
ದ್ಯಾವಕ್ಕ ಒಲೆ ಬಿಟ್ಟು ಮೊಮ್ಮಗನನ್ನು ಎತ್ತಿಕೊಳ್ಳುತ್ತಿದ್ದಳು.
ಒಮ್ಮೆ ಒಂದು ಕುಂಟ ನಾಯಿಗಾಗಿ
ಕಾಲು ತಾಸು ಕಾದೆವು.

ಒಯ್ದವನು ಸೀಟಿ ಊದುವುದಿಲ್ಲ.
ಯಾರೂ ಏಳಬಾರದು, ಅದೇ ಬೇಕು ಅವನಿಗೆ.
ಯಾವ ಸಂತೆಯೋ, ಯಾರ ಸಭೆಯೋ,
ಸಿಟ್ಟು ಇನ್ನೂ ಹುಟ್ಟಿರಲಿಕ್ಕಿಲ್ಲ,
ಕೇಪು ಆಗಲೇ ಹೊರಟಿದೆ.

ಹನ್ನೊಂದು ವರ್ಷ. ಕ್ವಾರಿಯಲ್ಲೀಗ ನೀರು.
ಸೀಟಿ ಜೇಬಿನಲ್ಲೇ ಇರುತ್ತದೆ.
ನಿನ್ನೆ ಬಸ್‌ಸ್ಟ್ಯಾಂಡಿನ ಬೆಂಚಿನಡಿ
ಯಾರದೋ ಚೀಲ, ಒಂಟಿ.
ಊದಿಬಿಟ್ಟೆ.

ನಳದ ಹತ್ತಿರದಿಂದ ಮುದುಕನೊಬ್ಬ
ಒದ್ದೆ ಕೈಯಲ್ಲೇ ಓಡಿಬಂದು ಗಂಟು ಬಿಚ್ಚಿದ:
ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ.
‘ಬರ್ರೀ, ಒಂದು ತುತ್ತು ಉಣ್ರಿ.’
ಇನ್ನೆರಡು ಸೀಟಿ
ನನ್ನ ಬಾಯಲ್ಲೇ ಇದ್ದವು.